ಪುಟ್ಟಿಗೆ, ಚಾಲುಕ್ಯರ ಊಟದ ವಿಷಯವಾಗಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಅಮ್ಮ ಹೋಗಿ ನಾಲ್ಕು ತಿಂಗಳೂ ಆಗಿಲ್ಲ, ಎಂಬತ್ತು ಜನಕ್ಕೆ ಚಾಲುಕ್ಯರ ಕಾಲದ ಊಟ ಹಾಕಲು ಹೊರಟಿದ್ದೀನಿ, ತಪ್ಪಾ ದೊಡ್ಡಮ್ಮ ಅಂತ ಕೇಳಿದ್ದೀಯ. ನಿನಗೆ ಅವಳು ತಾಯಿ, ನನಗೆ ಬೆನ್ನಿಗೆ ಬಿದ್ದ ತಂಗಿ. ಅದಕ್ಕೇ ಬರೆಯಲು ಎರಡು ದಿನ ಹಿಡಿಯಿತು.

ತಪ್ಪಲ್ಲ ಮಗೂ. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬ ಇಲ್ಲ, ನಿಜ. ಆದರೆ ಈ ಊಟ ಅಮ್ಮ ಮಗಳು ಸೇರಿ ಶುರು ಮಾಡಿದ ಕೆಲಸ. ಜನ ಏನಂದಾರು ಅಂತ ನಿಲ್ಲಿಸಬೇಡ. ದುಃಖ ಮರೆಯೋಕೆ ಅಂತಲೂ ಮಾಡಬೇಡ. ನಮ್ಮಪ್ಪ ಹೋದ ವರ್ಷ ನಾನು ಅದನ್ನೇ ಮಾಡಿದೆ. ನೆಂಟರ ಮದುವೆಯ ಉಗ್ರಾಣ ವಹಿಸಿಕೊಂಡು ಮೂರು ದಿನ ಕೂರಲೇ ಇಲ್ಲ. ಕೊನೇ ದಿನ ಯಾರೋ ಸಾರಿನ ಒಗ್ಗರಣೆಗೆ ಇಂಗು ಹಾಕಿದರು. ಅಪ್ಪನಿಗೆ ಇಂಗು ಜಾಸ್ತಿ ಬೇಕಿತ್ತು. ಬೆಲ್ಲದ ಮೂಟೆ ಪಕ್ಕ ಕುಸಿದು ಕೂತು ಅತ್ತೆ. ಬೀಗದ ಕೈ ನನ್ನ ಸೊಂಟದಲ್ಲಿ. ಬಡಿಸುವವರು ತುಪ್ಪ ಬೇಕು ಅಂತ ಬಾಗಿಲು ತಟ್ಟುತ್ತಿದ್ದರು. ನನಗೆ ಏಳಲು ಆಗಲಿಲ್ಲ.

ಹಾಗಾಗಿ ಎಂಬತ್ತು ಬೇಡ, ಇಪ್ಪತ್ತೈದು ಜನ ಸಾಕು. ಅಡುಗೆಯವರನ್ನು ಗೊತ್ತು ಮಾಡು. ಬೀಗದ ಕೈ ನಿನ್ನ ತಮ್ಮನ ಹತ್ತಿರ ಇರಲಿ. ನಿನಗೆ ಎದ್ದು ಹೋಗಬೇಕು ಅನ್ನಿಸಿದರೆ ಯಾರಿಗೂ ಹೇಳದೆ ಹೋಗುವ ಹಾಗಿರಬೇಕು. ರಾಜನ ವೇಷ, ಬಂಗಾರದ ಬಣ್ಣದ ತಟ್ಟೆ ಅಂತ ದುಡ್ಡು ಸುರಿಯಬೇಡ.

ನಿನ್ನ ಪಟ್ಟಿಯಲ್ಲಿ ಆಲೂಗಡ್ಡೆ ಪಲ್ಯ, ಟೊಮೆಟೊ ಸಾರು ಇವೆ. ಎರಡನ್ನೂ ತೆಗೆದುಬಿಡು. ಚಾಲುಕ್ಯರ ರಾಜ ಮೂರನೇ ಸೋಮೇಶ್ವರ ತನ್ನ ರಾಜಧಾನಿ ಕಲ್ಯಾಣದಲ್ಲಿ, ಅಡುಗೆಯ ವಿಷಯವೂ ಇರುವ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಪುಸ್ತಕ ಬರೆದದ್ದು 1129ರ ಸುಮಾರಿಗೆ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಎಲ್ಲ ಪೋರ್ಚುಗೀಸರ ಹಡಗು 1498ರಲ್ಲಿ ಈ ಕಡೆ ಬಂದ ಮೇಲಿನವು. ಖಾರಕ್ಕೆ ಕಾಳುಮೆಣಸು, ಶುಂಠಿ ಹಾಕಿಸು. ಆ ಪುಸ್ತಕದಲ್ಲಿ ಮಾಂಸದಡುಗೆಯೂ ಬೇಕಾದಷ್ಟಿದೆ. ನಾವು ಮಾಡುವುದಿಲ್ಲ, ಸರಿ. ಆದರೆ ಬಂದವರಿಗೆ ಅದನ್ನು ಬಾಯಿಬಿಟ್ಟು ಹೇಳು, ಮುಚ್ಚಿಡಬೇಡ.

ಇದನ್ನು ಬರೆಯುವಾಗ ನಿಮ್ಮಮ್ಮನ ಮಾಸಿಕದ ಎಲೆ ಕಣ್ಣೆದುರು ಬಂತು. ನೀನೂ ನೆನಪು ಮಾಡಿಕೋ. ಬಾಳೆಕಾಯಿ ಪಲ್ಯ, ಹಾಗಲಕಾಯಿ, ಮೆಣಸಿನ ಸಾರು, ಉದ್ದಿನ ವಡೆ, ಪಾಯಸ, ಎಳ್ಳುಂಡೆ. ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಹೂಕೋಸು ಇಲ್ಲ, ಒಣಮೆಣಸಿನಕಾಯಿ ಕೂಡ ಇಲ್ಲ. ಹಿರಿಯರಿಗೆ ಬಡಿಸುವ ದಿನ ನಮ್ಮ ಮನೆಯಲ್ಲಿ ಹೊಸ ತರಕಾರಿ ಒಲೆ ಹತ್ತುವುದಿಲ್ಲ. ಲೈಬ್ರರಿ ಲೈಬ್ರರಿ ಅಲೆದು ನೀನು ಹುಡುಕಿದ ಹಳೇ ಅಡುಗೆ, ಸುಮ್ನೆ ತಿಥಿಯ ನೆಪದಲ್ಲಿ ನಮ್ಮ ಮನೆಯಲ್ಲೇ ಉಳಿದುಕೊಂಡಿದೆ, ಅಲ್ವಾ? ಅಮ್ಮನಿಗೆ ಬಡಿಸಿದ್ದನ್ನೇ ಆ ಇಪ್ಪತ್ತೈದು ಜನಕ್ಕೂ ಬಡಿಸು. ನಡುವೆ ಪಾಯಸ, ಕೊನೆಗೆ ಮಜ್ಜಿಗೆ. ಸೋಮೇಶ್ವರನೂ ಹಾಗೇ ಹೇಳಿದ್ದಾನೆ. ಎಳ್ಳುಂಡೆ ಮಾತ್ರ ಬೇಡ. ಅದು ಅವಳ ಎಲೆಗೇ ಇರಲಿ.

ಇಡ್ಲಿ ಬಿಡಬೇಡ. ಸೋಮೇಶ್ವರನಿಗಿಂತ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಚಾಲುಕ್ಯರ ಆಸ್ಥಾನದ ಕವಿ ಚಾವುಂಡರಾಯ 'ಲೋಕೋಪಕಾರ' ಅನ್ನೋ ಕನ್ನಡ ಪುಸ್ತಕದಲ್ಲಿ ಹೇಳಿದ ಇಡ್ಲಿ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿನೀರು, ಕೊತ್ತಂಬರಿ, ಜೀರಿಗೆ, ಮೆಣಸು, ಇಂಗು ಹಾಕುವುದು. ಅಕ್ಕಿಯ ಮಾತೇ ಇಲ್ಲ. ನಿಮ್ಮಮ್ಮ ಇದನ್ನು ಎರಡು ಸಲ ಮಾಡಿ ನೋಡಿದಳು. ಮೊದಲನೆಯದು ಕಲ್ಲಾಯಿತಂತೆ. ಎರಡನೆಯದು ಚೆನ್ನಾಗಿ ಬಂದ ದಿನ ನನಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದಳು. ಅವಳು ಹೇಳಿದ ಅಳತೆಯನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡಿದ್ದೆ.

ಆ ಹಾಳೆ ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಮೂಲೆಯಲ್ಲಿ "ಪುಟ್ಟಿಗೆ ಮೆಣಸು ಕಡಿಮೆ" ಅಂತ ಇದೆ ನೋಡು. ಅದೂ ಅವಳು ಹೇಳಿ ಬರೆಸಿದ್ದೇ.

ನಿನ್ನ ದೊಡ್ಡಮ್ಮ