ಸಿಮೆಂಟ್ ಸೋರಿದ್ದಕ್ಕಿಂತ, ಅದನ್ನು ಹೇಳದೇ ಇದ್ದದ್ದಕ್ಕೆ ಈ ದೂರು

ಗೆ,
ವೈದ್ಯಕೀಯ ಅಧೀಕ್ಷಕರು ಮತ್ತು ರೋಗಿಗಳ ದೂರು ವಿಭಾಗ

ವಿಷಯ: ಬೆನ್ನುಮೂಳೆಗೆ ತುಂಬಿದ ಸಿಮೆಂಟ್ ಹೊರಬಂದು ನರ ಒತ್ತುತ್ತಿರುವುದು, ಮತ್ತು ಆ ವಿಷಯ ನಮಗೆ ತಿಳಿಸದೇ ಇದ್ದುದು

ಮಾನ್ಯರೇ,

ಆಸ್ಟಿಯೊಪೊರೋಸಿಸ್‌ನಿಂದ (ಮೂಳೆ ಸವೆದು ದುರ್ಬಲವಾಗುವ ಕಾಯಿಲೆ) ನಮ್ಮ ತಾಯಿಯವರ ಸೊಂಟದ ಎರಡನೇ ಮಣಿ (ಎಲ್-2) ಕುಸಿದಿತ್ತು. ನಿಮ್ಮಲ್ಲಿ ಬಲೂನ್ ಕೈಫೋಪ್ಲಾಸ್ಟಿ, ಅಂದರೆ ಕುಸಿದ ಮಣಿಯೊಳಗೆ ಬಲೂನ್ ಉಬ್ಬಿಸಿ ಜಾಗ ಮಾಡಿ ಸಿಮೆಂಟ್ ತುಂಬುವ ಚಿಕಿತ್ಸೆ, ಮಾಡಿಸಿದೆವು. ಬೆನ್ನು ನೋವು ನಿಜಕ್ಕೂ ಕಡಿಮೆಯಾಯಿತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅರಿವಳಿಕೆ ಇಳಿದ ಮೇಲೆ ಬಲ ತೊಡೆಯ ಮುಂಭಾಗದಲ್ಲಿ ಹೊಸ ನೋವು ಶುರುವಾಯಿತು. ಉರಿ, ಜೋಮು, ನಡುವೆ ಕರೆಂಟ್ ಹೊಡೆದ ಹಾಗೆ ಸೆಳೆತ. ಮೆಟ್ಟಿಲು ಹತ್ತಲು ಮೊಣಕಾಲು ಎತ್ತುವುದೇ ಕಷ್ಟವಾಯಿತು.

ವಾರ್ಡಿನಲ್ಲಿ ಹೇಳಿದಾಗ, "ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ" ಎಂದರು. ಆಮೇಲೆ ಒಪಿಡಿಗೆ ಬಂದಾಗಲೂ ನೋವಿನ ಮಾತ್ರೆ ಬರೆದು ಕಳಿಸಿದರು. ಕಾಲಿನ ಬಲ ಎಷ್ಟಿದೆ ಎಂದು ಯಾರೂ ಪರೀಕ್ಷಿಸಲಿಲ್ಲ. ಕೊನೆಗೆ ಬೇರೆ ಕಡೆ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ನರ ಹೊರಬರುವ ಕಿಂಡಿಯಲ್ಲಿ ಸಿಮೆಂಟ್ ಕೂತಿದೆ, ನರದ ಬೇರನ್ನು ಒತ್ತುತ್ತಿದೆ ಎಂದು ವರದಿ ಬಂತು.

ಸಿಮೆಂಟ್ ಸೋರುವುದು ಗೊತ್ತಿರುವ ತೊಂದರೆಯೇ. ಒಡೆದ ಮೂಳೆಯ ಬಿರುಕಿನಿಂದಲೋ ರಕ್ತನಾಳದ ದಾರಿಯಿಂದಲೋ ಅದು ಹೊರಗೆ ಹೋಗಬಹುದು. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ ಅನ್ನುವುದೂ ಗೊತ್ತಿದೆ. ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾಗುವ ಮೊದಲೇ ತಳ್ಳಿದರೆ, ಒತ್ತಡ ಅಥವಾ ಪ್ರಮಾಣ ಜಾಸ್ತಿಯಾದರೆ ಸೋರುವ ಅಪಾಯ ಹೆಚ್ಚು. ಅದಕ್ಕೇ ಅಲ್ವಾ ಸಿ-ಆರ್ಮ್ (ಚಿಕಿತ್ಸೆ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಪರದೆ ನೋಡುತ್ತಲೇ ತುಂಬುವುದು? ಸಿಮೆಂಟ್ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲಿ ಅಂತಲೇ ಅದರಲ್ಲಿ ಬೇರಿಯಂ ಸಲ್ಫೇಟ್‌ನಂಥ ವಸ್ತು ಬೆರೆಸಿರುತ್ತಾರೆ.

ನಮ್ಮ ಸಿಟ್ಟು ಇಲ್ಲೇ ಇರುವುದು. ಚಿಕಿತ್ಸೆ ಮುಗಿದ ಮೇಲೆ ನಿಮ್ಮವರೇ ತೆಗೆದ ಎಕ್ಸ್‌ರೇಯಲ್ಲೂ ಮಣಿಯ ಹಿಂದಿನ ಅಂಚು ದಾಟಿದ ಬಿಳಿ ಚುಕ್ಕೆ ಕಾಣುತ್ತದೆ. ಸ್ಕ್ಯಾನ್ ನೋಡಿದ ವೈದ್ಯರು ಅದನ್ನು ಬೆರಳಿಟ್ಟು ತೋರಿಸಿದರು. ಆದರೆ ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಯಾವುದೇ ತೊಡಕು ಇಲ್ಲ" ಎಂದಿದೆ. ಫಿಲ್ಮ್ ನೋಡದೇ ಬರೆದರೋ, ನೋಡಿಯೂ ಬರೆದರೋ? ಎರಡೂ ಸರಿಯಲ್ಲ.

ಒಪ್ಪಿಗೆ ಪತ್ರದಲ್ಲೂ ಸೋಂಕು, ರಕ್ತಸ್ರಾವ ಅಷ್ಟೇ ಇದ್ದವು. ಸೋರಿಕೆ ಬಗ್ಗೆ ನಾವೇ ಕೇಳಿದ್ದಕ್ಕೆ, "ಬಲೂನ್ ವಿಧಾನದಲ್ಲಿ ಸೋರುವುದೇ ಇಲ್ಲ" ಎಂದರು. ಬಲೂನ್ ಮೊದಲು ಜಾಗ ಮಾಡಿಕೊಡುವುದರಿಂದ ಕಡಿಮೆ ಒತ್ತಡದಲ್ಲಿ ತುಂಬಬಹುದು, ಅಪಾಯ ಇಳಿಯುತ್ತದೆ, ಸರಿ. ಆದರೆ ಇಲ್ಲವಾಗುವುದಿಲ್ಲ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಬಲೂನ್ ಇಲ್ಲದೆ ಸಿಮೆಂಟ್ ತುಂಬುವ ವರ್ಟೆಬ್ರೋಪ್ಲಾಸ್ಟಿಯನ್ನು ಹುಸಿ ಚಿಕಿತ್ಸೆಯ (ಸಿಮೆಂಟ್ ತುಂಬದೆ, ತುಂಬಿದಂತೆ ತೋರಿಸುವುದು) ಜೊತೆ ಹೋಲಿಸಿದಾಗ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಚರ್ಚೆ ವೈದ್ಯರಲ್ಲಿ ಇನ್ನೂ ನಡೆಯುತ್ತಿದೆ. ಹಾಗಿರುವಾಗ ರೋಗಿಗೆ ಲಾಭ, ಅಪಾಯ ಎರಡನ್ನೂ ಬಿಡಿಸಿ ಹೇಳಬೇಕಿತ್ತು.

ಹಾಗಾಗಿ ನಮಗೆ ಬೇಕಿರುವುದು ಇಷ್ಟು. ಚಿಕಿತ್ಸೆಯ ವೇಳೆ ತೆಗೆದ ಎಲ್ಲ ಚಿತ್ರಗಳ ಪ್ರತಿ, ಎಷ್ಟು ಮಿಲಿಲೀಟರ್ ತುಂಬಿದರು ಎಂಬ ಟಿಪ್ಪಣಿ, ಸಿಮೆಂಟ್ ಪ್ಯಾಕಿನ ಬ್ಯಾಚ್ ಸಂಖ್ಯೆ ಕೊಡಿ. ಡಿಸ್ಚಾರ್ಜ್ ಸಮ್ಮರಿಯನ್ನು ತಿದ್ದಿ ಕೊಡಿ. ತಾಯಿಯವರನ್ನು ಮುಂದೆ ನೋಡುವ ವೈದ್ಯರು ಅದನ್ನೇ ನಂಬುತ್ತಾರೆ. ರಕ್ತನಾಳದ ಮೂಲಕ ಹೋದ ಸಿಮೆಂಟ್ ಚೂರು ಶ್ವಾಸಕೋಶ ಸೇರಿರುವುದೂ ಉಂಟು. ಆದ್ದರಿಂದ ಎದೆಯ ತಪಾಸಣೆಯನ್ನು ನಿಮ್ಮ ಖರ್ಚಿನಲ್ಲೇ ಮಾಡಿಸಿ. ಹೊರಗೆ ಮಾಡಿಸಿದ ಸ್ಕ್ಯಾನ್‌ನ ಹಣವನ್ನೂ ಹಿಂತಿರುಗಿಸಿ.

ಇದೆಲ್ಲಕ್ಕಿಂತ ಮೊದಲು, ಚಿಕಿತ್ಸೆ ಮಾಡಿದವರಲ್ಲದ ಇನ್ನೊಬ್ಬ ಬೆನ್ನುಮೂಳೆ ತಜ್ಞರು ಈ ವಾರವೇ ತಾಯಿಯವರನ್ನು ನೋಡಬೇಕು. ಕಾಲಿನ ಬಲ ಇನ್ನೂ ಇಳಿದರೆ ಒತ್ತುತ್ತಿರುವ ಸಿಮೆಂಟ್ ತೆಗೆಯಬೇಕಾಗಬಹುದು, ಅದಕ್ಕೆ ತಡ ಮಾಡುವಂತಿಲ್ಲ ಎಂದು ಹೊರಗಿನ ವೈದ್ಯರು ಎಚ್ಚರಿಸಿದ್ದಾರೆ. ಉತ್ತರ ಬರಹದಲ್ಲೇ ಇರಲಿ. ಫೋನಿನಲ್ಲಿ ಸಮಾಧಾನ ಹೇಳಿಸಿಕೊಂಡದ್ದು ಸಾಕಾಗಿದೆ.

ಸ್ಕ್ಯಾನ್ ವರದಿ, ನಿಮ್ಮ ಎಕ್ಸ್‌ರೇ ಮತ್ತು ಒಪ್ಪಿಗೆ ಪತ್ರದ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ರೋಗಿಯ ಮಗಳು