ಭಾನುವಾರಕ್ಕೆ ನಿಮ್ಮ ಧ್ವನಿಸುರುಳಿಗಳನ್ನು ತನ್ನಿ

ಎಲ್ಲ ಸದಸ್ಯರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ತುಮಕೂರಿನ ಅಮಾನಿಕೆರೆ ಉದ್ಯಾನದಲ್ಲಿ ಸೇರೋಣ. ನಿಮ್ಮ ಅಭಿರುಚಿಯನ್ನು ರೂಪಿಸಿದ ಒಂದು ಆಲ್ಬಂ ಯಾವುದೆಂದು ಶುಕ್ರವಾರದೊಳಗೆ ಇಲ್ಲಿ ಬರೆಯಿರಿ. ಬಿಡಿ ಹಾಡು ಬೇಡ, ಇಡೀ ಆಲ್ಬಂ ಇರಲಿ.

ನನ್ನದು ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರಲ್ಲಿ ಬಂದ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಅಲ್ಲಿಯವರೆಗೆ ಸಿನಿಮಾ ಹಾಡುಗಳ ವಾದ್ಯಮೇಳದಲ್ಲೇ ಮುಳುಗಿದ್ದ ನನಗೆ ಸಾಹಿತ್ಯಕ್ಕೆ ಕಿವಿಗೊಡುವುದನ್ನು ಕಲಿಸಿತು. ರಾಗ ಎಷ್ಟೇ ಇಂಪಾಗಿದ್ದರೂ ಪದ ಸ್ಪಷ್ಟವಾಗಿ ಕೇಳಿಸದಿದ್ದರೆ ಇಂದಿಗೂ ನನಗೆ ಸಮಾಧಾನವಿಲ್ಲ. ಆಮೇಲೆ ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಗೀತೆಗಳು ಬಂದವು. ಏರುದನಿಯಲ್ಲೂ ತತ್ತ್ವಪದ ಹಾಡಬಹುದೆಂದು ತಿಳಿಯಿತು.

ಕ್ಯಾಸೆಟ್ ಇರುವವರು ದಯವಿಟ್ಟು ತನ್ನಿ, ಪ್ಲೇಯರ್ ನಾನು ತರುತ್ತೇನೆ. ಬಹಳ ದಿನ ಮೂಲೆಯಲ್ಲಿದ್ದ ಟೇಪನ್ನು ನೇರವಾಗಿ ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ. ಚಕ್ರದೊಳಗೆ ಪೆನ್ಸಿಲ್ ತೂರಿಸಿ ಸಡಿಲವಾದ ಸುರುಳಿಯನ್ನು ನಿಧಾನವಾಗಿ ಬಿಗಿ ಮಾಡಿ.

ಹಿರಿಯ ಸದಸ್ಯರು ಮೊದಲು ಬರೆದರೆ ನಮಗೆಲ್ಲ ಸಂತೋಷ.