ಹೆಸರಿನ ಕೆಳಗೆ ಎರಡು ಸಾಲು ಬರೆಸಿ

ಕಲಬುರಗಿ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹೋದ ತಿಂಗಳು ಅಣ್ಣನ ಮಗನ ಜೊತೆ ಆಟೋದಲ್ಲಿ ಹೋಗುತ್ತಿದ್ದೆ. ಎಸ್.ಎಂ. ಪಂಡಿತ್ ರಂಗಮಂದಿರದ ಹತ್ತಿರ ಹುಡುಗ ಕೇಳಿದ, ‘ಕಾಕಾ, ಪಂಡಿತ್ ಅಂದ್ರ ಯಾರು?’ ‘ಯಾರೋ ಹಳೇ ಮಂತ್ರಿ ಇರಬೇಕು ತಗೋ’ ಅಂದುಬಿಟ್ಟೆ. ಆಮೇಲೆ ವಿಚಾರಿಸಿದರೆ, 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳ ಪೋಸ್ಟರ್ ಬರೆದ ಚಿತ್ರಕಾರ ಅವರು! ಅವರ ಪುರಾಣದ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆಮನೆಯ ಗೋಡೆ ಸೇರಿದವು. ಅದೇ ರಂಗಮಂದಿರದಲ್ಲಿ ನಾನು ಎಷ್ಟೋ ನಾಟಕ ನೋಡಿದ್ದೇನೆ. ನಾಚಿಕೆ ಆಯಿತು.

ಇನ್ನೊಂದು ಸಲ ಅಪ್ಪನ ತೊಗರಿ ಹೊಲದ ಪಾಲಿನ ಸಲುವಾಗಿ ಅಕ್ಕನೂ ನಾನೂ ವಕೀಲರ ಮುಂದೆ ಕೂತಿದ್ದೆವು. ಮಾತಿನ ನಡುವೆ ಅವರು ‘ಮಿತಾಕ್ಷರ’ ಅಂದರು. ಹಳೇ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನ ಅದು. ಆತ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ನಮ್ಮ ಶಹಾಬಾದ್ ಹತ್ತಿರದ ಮರ್ತೂರಿನವನು ಅಂತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂದದ್ದು ಈ ಮಿತಾಕ್ಷರ. ಬಂಗಾಳದ ಕಡೆ ಬಿಟ್ಟರೆ, ಬ್ರಿಟಿಷರ ಕೋರ್ಟುಗಳೂ ಹೆಚ್ಚುಕಡಿಮೆ ಎಲ್ಲೆಡೆ ಅದನ್ನೇ ಹಿಡಿದವು. ದೇಶದ ಎಲ್ಲೆಡೆ ಮಗಳಿಗೂ ಅದೇ ಹಕ್ಕು ಸಿಗಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬರಬೇಕಾಯಿತು. ‘ಅಷ್ಟು ಶಾಣ್ಯಾ ಇದ್ದಂವ ಹೆಣ್ಮಕ್ಕಳಿಗ್ಯಾಕ ಕೊಡಲಿಲ್ಲ?’ ಅಂದಳು ಅಕ್ಕ. ವಕೀಲರು ನಕ್ಕರು. ಪಾಲಾಗಿ ಬೇರೆಯಾದವನು ಗಂಡುಮಕ್ಕಳಿಲ್ಲದೆ ಸತ್ತರೆ ಆಸ್ತಿ ಹೆಂಡತಿಗೆ ಅಂದವನೂ ಅವನೇ ಅಂತೆ. ಅಕ್ಕನಿಗೆ ಅಷ್ಟು ಸಾಲಲಿಲ್ಲ. ನನಗೂ.

ಇನ್ನು ಮಳಖೇಡ. ಈಗ ಸಿಮೆಂಟ್ ಅಂದರೆ ನೆನಪಾಗುವ ಊರು. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲೇ, ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಗಣಿತಜ್ಞ ಮಹಾವೀರಾಚಾರ್ಯ ಬರೆದಿಟ್ಟಿದ್ದ. ನಮ್ಮ ಹುಡುಗ ಅದೇ ಲೆಕ್ಕ ಟ್ಯೂಷನ್‌ನಲ್ಲಿ ಬಾಯಿಪಾಠ ಮಾಡುತ್ತಾನೆ!

ಸರ್, ಹೆಸರು ಇಡೋದರಲ್ಲಿ ನಾವು ಹಿಂದೆ ಬಿದ್ದಿಲ್ಲ. ರಸ್ತೆ, ಸರ್ಕಲ್, ಬಡಾವಣೆ ಎಲ್ಲದಕ್ಕೂ ಹೆಸರಿದೆ. ಆ ಹೆಸರಿನವರು ಏನು ಮಾಡಿದರು ಅನ್ನೋದನ್ನೂ ಹೆಸರಿನ ಕೆಳಗೆ ಎರಡು ಸಾಲು ಬರೆಸಿ. ಬಿರುದು ಬೇಡ, ಉದ್ಘಾಟಿಸಿದವರ ಹೆಸರಂತೂ ಬೇಡವೇ ಬೇಡ. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಆಟೋದಲ್ಲಿ ಕೂತವರಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ.

ಮೊದಲ ಫಲಕದ ಪೇಂಟಿಂಗ್ ಖರ್ಚು ನನ್ನದು. ಯಾವಾಗ, ಎಲ್ಲಿಗೆ ಬರಲಿ ಹೇಳಿ.

ಇಂತಿ,
ಕಲಬುರಗಿಯ ಒಬ್ಬ ಕಾಕಾ